ರಂಧಾ ಹಿಡಿದ ದತ್ತೂರಾಯರು

ನಿವೃತ್ತರಾದ ಮೇಲೆ ದತ್ತೂರಾಯರಿಗೆ ಕೂತಲ್ಲಿ ಕೂರಲಾಗದ ರೋಗ ಅಂಟಿಕೊಂಡಿತು. ಸಪ್ತಾಪುರದ ಮನೆಯಲ್ಲಿ ಪಡಸಾಲೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಗೇಟಿಗೆ. (ಅಡುಗೆಮನೆಗೆ ಬಂದಾಗಲೆಲ್ಲ "ಉಪ್ಪು ಹಾಕೀಯೇನು?" ಎಂದು ಕೇಳುವುದು ಬೇರೆ. ಹೆಂಡತಿ ಅಂಬಾಬಾಯಿಯ ತಲೆ ಕೆಡಲು ಅಷ್ಟು ಸಾಕಿತ್ತು.) ಇಂಥದರಲ್ಲಿ ಅಡುಗೆಮನೆಯ ಹಳೆಯ ಕಪಾಟಿಗೆ ಗೆದ್ದಲು ಹಿಡಿದು, ಡಬ್ಬಿಗಳೆಲ್ಲ ನೆಲಕ್ಕಿಳಿದವು.

"ಬಡಿಗ್ಯಾನ್ನ ಕರೀರಿ," ಎಂದಳು ಅಂಬಾಬಾಯಿ.

"ಬಡಿಗ್ಯಾ ಯಾಕ? ನಾನಽ ಕಲತು ಮಾಡ್ತೇನಿ. ಪಂಚಮಿಗೆ ನಿನ್ನ ತಂಗಿ ವೃಂದಾ ಬರೂದ್ರಾಗ ಕಪಾಟು ನಿಂತಿರ್ತದ."

"ಅಲ್ಲೀತನಕ ನಾ ಸಾಸಿವಿ ಡಬ್ಬಿ ಹುಡುಕ್ಕೋತ ಅಂಬೆಗಾಲ ಇಡ್ಲೇನು?"

ಮಾತು ಕೊಟ್ಟಾಗಿತ್ತು. ಇನ್ನು ಕಪಾಟು ನಿಲ್ಲದಿದ್ದರೆ ನಾದಿನಿಯ ಮುಂದೆ ಮಾನ ಉಳಿಯುವುದಿಲ್ಲ. ಮರುದಿನವೇ ರಾಯರು ರಾಯಾಪುರದ ಫಾರೂಕ ಮಿಸ್ತ್ರಿಯ ಕಾರಖಾನೆಗೆ ಹೋಗಿ ಶಿಷ್ಯತ್ವ ಸ್ವೀಕರಿಸಿದರು. ಕೈಯಲ್ಲಿ ತಾವೇ ಬರೆದ ಏಳು ಪುಟಗಳ ಕಪಾಟಿನ ವಿನ್ಯಾಸ. ನಲವತ್ತು ವರ್ಷ ಮರದೊಂದಿಗೆ ಬದುಕಿದ್ದ ಮಿಸ್ತ್ರಿ ಆ ಹಾಳೆಗಳನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಡಿ ಕೊಟ್ಟು, ಸಾಗವಾನಿಯ ಹಲಗೆಯೊಂದನ್ನು ಮುಂದಿಟ್ಟ.

"ಸಾಹೇಬ್ರ, ಮೊದಲ ಇದರ ಮ್ಯಾಲೆ ಕೈ ಆಡಸ್ರಿ. ಎಳಿ ಯಾ ಕಡೆ ಮಲಗೇತಿ ಹೇಳ್ರಿ. ಆಮ್ಯಾಗ ರಂಧಾ ಹಿಡೀರಿ."

ಮರದ ಎಳೆ ಮಲಗಿದ ದಿಕ್ಕಿಗೆ, ಹಲಗೆ ಹೆರೆಯುವ ಈ ರಂಧಾ ತಳ್ಳಿದರೆ ನುಣ್ಣಗಾಗುತ್ತದೆ, ಎದುರಿಗೆ ತಳ್ಳಿದರೆ ಕಿತ್ತು ಬರುತ್ತದೆ. ವಿದ್ಯೆ ಇಷ್ಟೇ. ಆದರೆ ಹಲಗೆಯ ಮೇಲೆ ಕೈಯಿಟ್ಟು ಎರಡು ನಿಮಿಷ ಸುಮ್ಮನಿರುವುದು ರಾಯರ ಜಾತಕದಲ್ಲೇ ಬರೆದಿರಲಿಲ್ಲ. ಕೈಯಿಟ್ಟರು, ತೆಗೆದರು, ತಳ್ಳಿಯೇಬಿಟ್ಟರು. ರಂಧಾ ಕರ್ರೆಂದು ಕಚ್ಚಿಕೊಂಡು ಚೂರು ಹಾರಿತು. ಮೂರು ವಾರಗಳಲ್ಲಿ ಹನ್ನೊಂದು ಹಲಗೆಗಳು ಹೀಗೆ ವೀರಮರಣ ಹೊಂದಿದವು.

ಪಂಚಮಿಗೆ ಹತ್ತೇ ದಿನ ಉಳಿದಾಗ, ಸಹನೆ ಕೆಟ್ಟ ಅಂಬಾಬಾಯಿ ಬಸ್ಸು ಹತ್ತಿ ಕಾರಖಾನೆಗೇ ಬಂದಳು. ಬಾಯಿ ಗಂಡನನ್ನು ಬೈಯುತ್ತಿದ್ದರೂ, ಅಕ್ಕಿಯಲ್ಲಿ ಕಲ್ಲು ಹುಡುಕಿ ಪಳಗಿದ ಕೈ ತಾನಾಗಿಯೇ ಹಲಗೆಯ ಮೇಲೆ ಆಡಿತು.

"ಅಲ್ರೀ, ಹಿಂಗ ಸವರಿದ್ರ ಚುಚ್ಚತದ. ಆ ಕಡೆಯಿಂದ ತಳ್ರಿ!"

ಮಿಸ್ತ್ರಿ ಚಹಾದ ಲೋಟ ಕೆಳಗಿಟ್ಟ. "ಬಾಯಾರ, ನೀವಽ ಒಂದ ಸರ್ತಿ ತಳ್ರಿ, ನೋಡೂಣು."

ಅಂಬಾಬಾಯಿ ಸೆರಗು ಸಿಕ್ಕಿಸಿ ತಳ್ಳಿದಳು. ಈ ತುದಿಯಿಂದ ಆ ತುದಿಗೆ ಮರದ ಒಂದೇ ಸುರುಳಿ, ಎಲ್ಲಿಯೂ ಕಡಿಯದೆ ಎದ್ದು ಬಂತು. ರಾಯರಿಗೆ ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಅಂದಿನಿಂದ ಕಾರಖಾನೆಗೆ ಹೋದವಳು ಅಂಬಾಬಾಯಿ. ಮನೆಯಲ್ಲಿ ಅನ್ನಕ್ಕಿಟ್ಟವರು ರಾಯರು.

ಪಂಚಮಿಯ ಬೆಳಿಗ್ಗೆ ವೃಂದಾ ಬಂದು ಕಪಾಟಿನ ಮುಂದೆ ಬೆರಗಾಗಿ ನಿಂತಳು. ಉಳಿದ ಹಲಗೆಯೊಂದು, ಮಿಸ್ತ್ರಿ ಕೊಟ್ಟು ಕಳಿಸಿದ ರಂಧಾ ಇನ್ನೂ ಪಕ್ಕದಲ್ಲೇ ಇದ್ದವು. ಅಂಬಾಬಾಯಿ ದೇವರ ಮನೆಯಲ್ಲಿದ್ದಳು.

"ಭಾವಾ, ಭಾಳ ಛಂದ ಆಗೇದ! ಖರೇ ಹೇಳ್ರಿ, ನೀವಽ ಮಾಡಿದ್ರ್ಯಾ?"

ರಾಯರು ಒಮ್ಮೆ ದೇವರ ಮನೆಯತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಮತ್ತ್ಯಾರು ಮಾಡ್ತಾರ?"

"ಹಂಗಾದ್ರ ಈ ಉಳದ ಹಲಗಿಗೆ ಒಂದ ಕೈ ರಂಧಾ ಹೊಡೀರಿ. ವಿಡಿಯೋ ತಗೋತೇನಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ರಾಯರು ಗಂಭೀರವಾಗಿ ನಿಂತು, ಉಸಿರು ಬಿಗಿಹಿಡಿದು ತಳ್ಳಿದರು. ಕರ್ರ್!

ನಾಗಪ್ಪನಿಗೆ ಹಾಲೆರೆದು ಕೈಮುಗಿದಿದ್ದ ಅಂಬಾಬಾಯಿ ಮುಚ್ಚಿದ ಕಣ್ಣು ತೆರೆಯದೆ ಒಳಗಿನಿಂದಲೇ ಕೂಗಿದಳು: "ಎದುರ ತಳ್ಳಲಿಕ್ಕತ್ತೀರಿ! ಹಲಗಿ ತಿರುಗಸ್ರಿ! ನಾ ಮಾಡಿದ ಕಪಾಟಿಗೆ ಮಾತ್ರ ರಂಧಾ ಹಚ್ಚಬ್ಯಾಡ್ರಿ!"

ವಿಡಿಯೋದಲ್ಲಿ ಆ ದನಿ ಒಂದಕ್ಷರ ಬಿಡದೆ ಸೇರಿತ್ತು. ವೃಂದಾ ಅದನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಡ, ಒಬ್ಬರಿಗೆ ಮಂಚ ಬೇಕಾಯಿತು, ಇನ್ನೊಬ್ಬರಿಗೆ ತೊಟ್ಟಿಲು. ಪ್ರಸಾದ ಹಿಡಿದು ಹೊರಬಂದ ಅಂಬಾಬಾಯಿ ಎಲ್ಲವನ್ನೂ ಓದಿ, ಗಂಡನ ಕೆಂಪಾದ ಮುಖವನ್ನೂ ನೋಡಿದಳು.

"ಇಷ್ಟೆಲ್ಲಾ ನನ್ನೊಬ್ಬಾಕಿ ಕೈಲೆ ಆಗೂದಿಲ್ರೀ. ಹಲಗಿ ಹಿಡಕೊಂಡು ಗಪ್ಪನ ನಿಲ್ಲಾವ ಒಬ್ಬಾವ ಬೇಕು."

ರಾಯರು ಆಸೆಯಿಂದ ಒಂದು ಹೆಜ್ಜೆ ಮುಂದೆ ಬಂದರು.

"ನೀವಲ್ಲ," ಎಂದಳು ಅಂಬಾಬಾಯಿ. "ಯಾರರ ಸಿಗ್ತಾರೇನು, ಹೊರಗ ಹೋಗಿ ನೋಡ್ಕೊಂಡ ಬರ್ರಿ."