ಹೆಂಡತಿಗೆ ಬರೆದ ಹಾಡು ಊರಿನ ಪಾಲಾದದ್ದು

ಹಾಡಿನ ಅರ್ಥ ಬರೆದವನಿಗೆ ಗೊತ್ತಿರುತ್ತದೆ ಎಂದು ನಾನು ನಂಬಿದ್ದೆ. ನನ್ನ ಹಾಡಿನ ಅರ್ಥವಂತೂ ಒಂಟಿಕೊಪ್ಪಲಿನ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಹೆಂಡತಿ ಗಿರಿಜಾ ಮುನಿಸಿಕೊಂಡು ನಜರ್‌ಬಾದಿನ ತವರಿಗೆ ಹೋದಾಗ ಬರೆದ ವಿರಹಗೀತೆ ಅದು.

‘ಮನೆಗೆ ಬಾರೇ, ಒಲೆ ಆರಿದೆ, ನೀನಿಲ್ಲದೆ ಹಾಲೂ ಒಡೆದಿದೆ!’

ಗಣೇಶನ ಪೆಂಡಾಲಿನಲ್ಲಿ ಖುದ್ದಾಗಿ ಹಾಡಿದೆ. ಯಾರೋ ಕಳಿಸಿದ ವಿಡಿಯೋ ನೋಡಿ ಗಿರಿಜಾ ಆಟೋ ಹತ್ತಿ ಬಂದೇಬಿಟ್ಟಳು. ಸಾಹಿತ್ಯದಿಂದ ಇದಕ್ಕಿಂತ ದೊಡ್ಡ ಪ್ರಯೋಜನ ಬೇಕೆ?

ಅಷ್ಟರಲ್ಲಿ ಚುನಾವಣೆ ಬಂತು. ಒಂದು ಬೆಳಿಗ್ಗೆ ಪ್ರಚಾರದ ಆಟೋ ನನ್ನದೇ ದನಿಯಲ್ಲಿ ಕೂಗುತ್ತಾ ಬಂತು. ಒಲೆ ಆರಿದ್ದು ಗ್ಯಾಸ್ ದುಬಾರಿಯಾದ್ದರಿಂದಂತೆ! ಸಂಜೆ ಎದುರು ಪಕ್ಷದ ಆಟೋದಲ್ಲೂ ಅದೇ ಹಾಡು. ಪಕ್ಷ ಬಿಟ್ಟು ಹೋದವರನ್ನು ವಾಪಸ್ ಕರೆಯುವುದಕ್ಕಂತೆ!

ಗಿರಿಜಾ ಮುಖ ಸಿಂಡರಿಸಿದಳು.

“ನಂಗೇ ಬರೆದಿದ್ದು ಅಂತ ನಂಬಿ ಬಂದ್ಬುಟ್ಟೆ ಕಣ್ರೀ. ಈಗ ಊರೋರ್ನೆಲ್ಲಾ ಮನೆಗೆ ಕರೀತಾ ಇದೀರಲ್ಲ!”

ನನ್ನ ಮೈ ಉರಿದುಹೋಯಿತು. ಇನ್ನೊಮ್ಮೆ ಅವಳು ತವರಿಗೆ ಹೋದರೆ ಯಾವ ಹಾಡು ಹಾಡಿ ಕರೆಯಲಿ?

“ಸುಮ್ನಿರಿ ಸಾರ್, ಪುಕ್ಕಟೆ ಹೆಸರು ಬರ್ತಾ ಇದೆ,” ಎಂದರು ಪಕ್ಕದ ಮನೆಯ ಶಿವಮಲ್ಲಪ್ಪನವರು.

“ಹೆಸರು ಅವರೇ ಇಟ್ಕೊಳ್ಳಲಿ, ನನ್ನ ಹಾಡು ಕೊಡಲಿ!”

ಮೇಟಗಳ್ಳಿಯಲ್ಲಿ ಒಂದು ಪಕ್ಷದ ಸಭೆಯಿತ್ತು. ಜೀವಂತ ಸಾಕ್ಷಿಯಾಗಿ ಗಿರಿಜಾಳನ್ನೂ ಕರೆದುಕೊಂಡು ನೇರವಾಗಿ ವೇದಿಕೆ ಹತ್ತಿ ಮೈಕು ಕಿತ್ತುಕೊಂಡೆ.

“ಇದು ನನ್ನ ಹೆಂಡ್ತಿ ಹಾಡು! ಯಾವ ಪಕ್ಷಕ್ಕೂ ಕೊಟ್ಟಿಲ್ಲ, ಕೊಡೋದೂ ಇಲ್ಲ! ಬೇಕಾದ್ರೆ ಇವಳನ್ನೇ ಕೇಳಿ!”

ಕೇಳಿ ಎಂದದ್ದೇ ತಪ್ಪಾಯಿತು. ಗಿರಿಜಾ ಮೈಕು ತೆಗೆದುಕೊಂಡಳು.

“ಹೌದು, ನಂದೇ ಹಾಡು. ಇವರಿಗೆ ಒಲೆ ಹಚ್ಚಕ್ಕೆ ಬರಲ್ಲ, ಅದಕ್ಕೆ ಆರಿತ್ತು. ಹಾಲು ಕಾಯಿಸದೆ ಹಾಗೇ ಇಟ್ಟಿದ್ರು, ಅದಕ್ಕೆ ಒಡೀತು. ನಿಮ್ಮನೇಲೂ ಹಿಂಗೇ ಅಲ್ವೇನ್ರಮ್ಮಾ?”

ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆಗೆ ಶಾಮಿಯಾನವೇ ನಡುಗಿತು!

ಹಾಡು ಕೇಳಿದರೆ ಜನ ಗಿರಿಜಾಳ ಮಾತು ನೆನೆದು ನಗತೊಡಗಿದ್ದರಿಂದ ಮರುದಿನದಿಂದ ಎರಡೂ ಪಕ್ಷಗಳು ಅದನ್ನು ಕೈಬಿಟ್ಟವು. ಗೆದ್ದೆ ಎಂದು ಬೀಗಿದೆ. ಆದರೆ ಆ ವಾರವೇ ಬಡಾವಣೆಯ ಮಹಿಳಾ ಸಂಘ ಅದನ್ನು ಎತ್ತಿಕೊಂಡಿತು. ಗಂಡಸರೂ ಅಡುಗೆ ಕಲಿಯಲಿ ಎಂಬ ಹೋರಾಟಕ್ಕೆ ಅದೇ ಗೀತೆ. ಮುಂದಾಳು ಗಿರಿಜಾ!

“ನಾನು ಬರೆದದ್ದು ವಿರಹ ಕಣೇ!” ಎಂದು ಕೂಗಾಡಿದೆ.

“ಬರೆದೋರು ನೀವು, ಅರ್ಥ ನಮ್ದು. ಈರುಳ್ಳಿ ಹೆಚ್ಚಿ.”

ನಾನು ಈಗಲೂ ಒಪ್ಪಿಲ್ಲ. ದಿನಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಲೇ ಉಗ್ರವಾಗಿ ಪ್ರತಿಭಟಿಸುತ್ತಿದ್ದೇನೆ. ಕಣ್ಣಲ್ಲಿ ನೀರು ಸುರಿಯುವುದನ್ನು ಕಿಟಕಿಯಿಂದ ನೋಡಿದ ಸಂಘದವರು, “ಪಾಪ, ಪಶ್ಚಾತ್ತಾಪ ಆಗಿದೆ,” ಎನ್ನುತ್ತಾರೆ.