ಒರೆಸಬಾರದ ಬಾಗಿಲು

ಕಾರೊಂದು ಮನೆಯ ಮುಂದೆ ಸುಮ್ಮನೆ ನಿಂತಿದ್ದರೆ ಸಾಕು, ಅದನ್ನು ಒರೆಸಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಕರೆಯಬೇಕಾಗಿಲ್ಲ. ಬೇಡ ಎಂದರೂ ಬರುತ್ತಾರೆ. ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಬೀದಿಯಲ್ಲಿ ಇದು ವರ್ಷವಿಡೀ ನಡೆಯಿತು. ಆ ಪ್ರಸಂಗಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರು ನಗಬಹುದು. ನನಗೆ ಆಗ ನಗು ಬಂದಿರಲಿಲ್ಲ. ಕೆಲವನ್ನು ನೆನೆದರೆ ಈಗಲೂ ಸಿಟ್ಟೇ ಬರುತ್ತದೆ.

ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ. ನನ್ನ ಗಂಡ ಎಂದಿನಂತೆ ಕಾರು ತೊಳೆದು ಮೇಣದ ಪಾಲಿಶ್ ಹಚ್ಚುತ್ತಿದ್ದರು. ಕಡುನೀಲಿ ಬಣ್ಣದ ಸಣ್ಣ ಕಾರು. ಆ ಪಾಲಿಶನ್ನು ಸ್ಪಂಜಿನಲ್ಲಿ ಸುತ್ತು ಸುತ್ತಾಗಿ ಹಚ್ಚಬೇಕು, ಒಣಗಿ ಬೆಳ್ಳಗಾಗುವವರೆಗೆ ಕಾಯಬೇಕು, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಅವರು ಒಂದೊಂದೇ ಭಾಗ ಮುಗಿಸುತ್ತ ಬಂದು, ಕೊನೆಗೆ ಎಡಗಡೆಯ ಹಿಂದಿನ ಬಾಗಿಲಿಗೆ ಹಚ್ಚಿದರು. ಒಣಗಲಿ ಎಂದು ಒಳಗೆ ಬಂದು ಕುರ್ಚಿಯಲ್ಲಿ ಕೂತರು. “ಹಳದಿ ಬಟ್ಟೆ ಎಲ್ಲಿ?” ಎಂದರು. “ತಂತಿ ಮೇಲಿದೆ,” ಎಂದೆ. ಅವರು ಏಳಲಿಲ್ಲ. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದರು.

ಬಾಗಿಲ ಮೇಲೆ ಬಿಳಿ ಸುತ್ತುಗಳು ಹಾಗೇ ಉಳಿದವು. ಅವರ ಕೈ ಓಡಾಡಿದ ದಾರಿ ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು: ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ, ಹಿಡಿಯ ಹತ್ತಿರ ಮಾತ್ರ ಸ್ವಲ್ಪ ಸಣ್ಣ ಸುತ್ತು. ಅದನ್ನು ಯಾರೂ ಒರೆಸಕೂಡದು ಎಂದು ನಾನು ನಿಶ್ಚಯಿಸಿದೆ. ಮಳೆ ಬರುವಂತಿದ್ದರೆ ಟಾರ್ಪಾಲು ಹೊದಿಸುತ್ತಿದ್ದೆ. ಕಾರಣ ಯಾರಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಅವರಿಗೆ ಕಣ್ಣು ಮಂಜು. ಮಗನ ಕಾರು ಕಪ್ಪು ಬಣ್ಣದ್ದು ಎಂದೇ ಅವರು ನಂಬಿದ್ದರು.

ಬನಿಯನ್ ಮೂಟೆ

ನನ್ನ ಭಾವ, ಎಂದರೆ ಗಂಡನ ಅಣ್ಣ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳುತ್ತಾರೆ. ಅಲ್ಲಿ ಕತ್ತರಿಸಿ ಉಳಿದ ಚೂರುಗಳಿಗೆ ‘ವೇಸ್ಟ್’ ಎಂದು ಹೆಸರು. ಈ ಕಡೆ ಮಗ್ಗ, ಮೋಟಾರು, ಸೈಕಲ್ಲು, ಕಪ್ಪುಹಲಗೆ ಎಲ್ಲವನ್ನೂ ಒರೆಸುವುದು ಅದರಿಂದಲೇ. ತಿಥಿಯ ದಿನ ಬಂದವರು ಹಣ್ಣು ತಂದರು, ಹೂವು ತಂದರು. ಭಾವ ಒಂದು ಮೂಟೆ ವೇಸ್ಟ್ ತಂದರು.

“ದುಕ್ಕ ಇದ್ದದ್ದೇ ಅಮ್ಮಾ,” ಎಂದರು. “ಅದಕ್ಕಂತ ಕಾರನ್ನ ಇಷ್ಟು ಅಳುಕ್ಕಾಗಿ ಬಿಡೋದಾ? ಬಂದೋರು ಏನಂದ್ಕಂತಾರೆ?”

ಈ ಊರಿನ ಹಳೆಯ ಕನ್ನಡದ ಮನೆಗಳಲ್ಲಿ ಕೊಳೆಗೆ ತಮಿಳಿನ ‘ಅಳುಕ್ಕು’ ಎಂದೇ ಹೇಳುತ್ತಾರೆ. ಭಾವ ಒಂದು ಚೂರು ತೆಗೆದು, ಬಾಗಿಲಿನ ಮೇಲೆ ‘ಹಾ’ ಎಂದು ಉಸಿರು ಬಿಡಲು ಬಗ್ಗಿದರು. ನಾನು ಓಡಿಹೋಗಿ ಬಾಗಿಲಿಗೂ ಅವರಿಗೂ ನಡುವೆ ನಿಂತೆ.

“ಯಾಕಮ್ಮಾ? ತಲೆ ಸುತ್ತುತಾ?”

ಬೇರೇನೂ ಹೊಳೆಯದೆ, “ಹೌದು,” ಎಂದೆ.

ತಕ್ಷಣ ಕುರ್ಚಿ ಬಂತು. ಮಜ್ಜಿಗೆ ಬಂತು. ಯಾರೋ ಬೀಸಣಿಗೆ ಹಿಡಿದು ನಿಂತರು. ಒಳಗೆ ಹೋಗು ಎಂದರೆ ನಾನು ಒಪ್ಪಲಿಲ್ಲ. ಒಳಗೆ ಹೋದರೆ ಭಾವ ಒರೆಸಿಬಿಡುತ್ತಾರೆ. ಸಂಜೆಯವರೆಗೂ ಕಾರಿನ ಪಕ್ಕದಲ್ಲೇ ಕೂತೆ. ಬಂದವರೆಲ್ಲ ಮೊದಲು ನನಗೆ ಕೈ ಮುಗಿದರು, ಆಮೇಲೆ ಯಾವುದಕ್ಕೂ ಇರಲಿ ಎಂದು ಕಾರಿಗೂ ಕೈ ಮುಗಿದು ಒಳಗೆ ಹೋದರು.

ನೋಟೀಸು

ನಾನು ಗಣಿತದ ಟೀಚರು. ಸಿಟ್ಟು ಬಂದರೆ ಕೂಗುವುದಿಲ್ಲ. ಹೇಳಬೇಕಾದ್ದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ‘ದಯವಿಟ್ಟು ಈ ಬಾಗಿಲನ್ನು ಒರೆಸಬೇಡಿ’ ಎಂದು ತಮಿಳಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಗಾಜಿಗೆ ಅಂಟಿಸಿದೆ.

ಅಲ್ಲಿಯವರೆಗೆ ಆ ಬಾಗಿಲನ್ನು ಕಂಡವರು ಕೆಲವರು. ಅಂದಿನಿಂದ ಇಡೀ ಬೀದಿ ಕಂಡಿತು.

ಎದುರುಮನೆಯಲ್ಲಿ ಮಿಲ್ಲಿನಿಂದ ನಿವೃತ್ತರಾದ ಒಬ್ಬ ಫೋರ್‌ಮನ್ ಇದ್ದಾರೆ. ಅವರು ಕನ್ನಡಕ ಹಾಕಿಕೊಂಡು ಬಂದು, ಗಟ್ಟಿಯಾಗಿ ಓದಿ, ಈ ಕಡೆಯ ಕೊಂಗು ತಮಿಳಿನಲ್ಲಿ ಕೇಳಿದರು: “ಟೀಚರ್, ಈ ಬಾಗಿಲು ಒರೆಸಬಾರದು ಅಂದರೆ ಮಿಕ್ಕ ಮೂರು ಬಾಗಿಲು ಒರೆಸಬಹುದು ಅಂತ ತಾನೆ?”

“ಯಾವುದನ್ನೂ ಒರೆಸಬೇಕಾಗಿಲ್ಲ ಸಾರ್.”

“ಹಾಗಾದರೆ ‘ಈ’ ಅಂತ ಯಾಕೆ ಬರೆದಿರಿ? ಜೋಸ್ಯರು ಹೇಳಿದ್ದಾ?”

ನಾನು ಉತ್ತರ ಕೊಡಲಿಲ್ಲ. ಕೊಡದೆ ಇದ್ದದ್ದನ್ನೇ ಉತ್ತರ ಎಂದುಕೊಂಡು ಅವರು ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಬಾಗಿಲಿನ ಕೆಳಗೆ ಒಂದು ನಿಂಬೆಹಣ್ಣು, ಕುಂಕುಮ, ಉರಿಯುತ್ತಿರುವ ಕರ್ಪೂರ. ಕಾರಿನ ಬಣ್ಣದಿಂದ ಒಂದು ಗೇಣು ದೂರದಲ್ಲಿ ಬೆಂಕಿ! ನಾನು ಚೊಂಬಿನಲ್ಲಿ ನೀರು ತಂದು ಆರಿಸುತ್ತಿರುವಾಗ ಬೀದಿಯ ಕೊನೆಯ ಮನೆಯ ಹಾಲಿನಮ್ಮ ಸಂಕೋಚದಿಂದ ಹತ್ತಿರ ಬಂದು, “ಟೀಚರಮ್ಮಾ, ನಮ್ಮ ಹುಡುಗಿಗೆ ಗಂಡು ಕೂಡಿ ಬರ್ತಾ ಇಲ್ಲ. ಮಂಗಳವಾರ ಹಚ್ಚಲೋ, ಶುಕ್ರವಾರ ಹಚ್ಚಲೋ?” ಎಂದಳು.

ನೋಟೀಸನ್ನು ಕಿತ್ತು ಹಾಕಿದೆ.

ಫ್ರೀ

ಓಡಿಸದೆ ನಿಂತ ಕಾರಿನ ಬ್ಯಾಟರಿ ಸತ್ತುಹೋಗುತ್ತದೆ. ಮೆಕ್ಯಾನಿಕ್ಕನ್ನು ಕರೆಸಿ, “ಬ್ಯಾಟರಿ ಮಾತ್ರ,” ಎಂದು ಎರಡು ಸಲ ಹೇಳಿದೆ. “ಸರಿ ಮೇಡಂ,” ಎಂದು ಎರಡು ಸಲವೂ ಒಪ್ಪಿದ. ಒಳಗೆ ಹೋಗಿ ಬೀಗದ ಕೈ ತರುವಷ್ಟರಲ್ಲಿ ನಮ್ಮದೇ ತೋಟದ ಪೈಪನ್ನು ನಲ್ಲಿಗೆ ಸಿಕ್ಕಿಸಿ ನಿಂತಿದ್ದ.

“ವಾಟರ್ ವಾಶ್ ಫ್ರೀ ಮೇಡಂ.”

ನನಗೆ ಮೈಯೆಲ್ಲ ಉರಿಯಿತು. ಪೈಪನ್ನು ಕಿತ್ತುಕೊಂಡು ಕೇಳಿದೆ: “ಜ್ವರಕ್ಕೆ ಔಷಧಿ ಕೊಡಲು ಬಂದ ಡಾಕ್ಟರು, ಫ್ರೀ ಅಂತ ಹೇಳಿ ನಿಮ್ಮ ತಲೆ ಬೋಳಿಸಿದರೆ ಸುಮ್ಮನಿರ್ತೀರಾ?”

ಅವನು ನಿಜವಾಗಿಯೂ ಯೋಚಿಸಿದ. “ಮುಡಿ ಕೊಡೋಕೆ ಪಳನಿಗೆ ಹೋಗೋ ಬಸ್ ಚಾರ್ಜ್ ಉಳೀತದೆ ಮೇಡಂ,” ಎಂದ.

ಜಪಾನಿನ ಬಾಟಲಿ

ಇಷ್ಟರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಪಂಪು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ತರಬೇತಿಗೆಂದು ಜಪಾನಿಗೆ ಹೋಗಿ ಬಂದಿದ್ದಳು. ಕಾರಿನ ವಿಷಯ ಕೇಳಿ ಮುಂದಿನ ವಾರ ಒಂದು ಪುಟ್ಟ ಬಾಟಲಿ ತಂದಳು. ಕೆಮ್ಮಿನ ಔಷಧಿಯ ಬಾಟಲಿಯಷ್ಟೂ ಇರಲಿಲ್ಲ.

“ಸೆರಾಮಿಕ್ ಕೋಟಿಂಗ್ ಟೀಚರ್. ಬಣ್ಣದ ಮೇಲೆ ಗಾಜಿನ ಹಾಗೆ ತೆಳ್ಳಗೆ ಗಟ್ಟಿಯಾಗಿ ಕೂರುತ್ತದೆ. ಧೂಳು ಅಂಟುವುದು ಕಡಿಮೆ. ನೀರು ಬಿದ್ದರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತದೆ. ಆಮೇಲೆ ಯಾರೂ ಬಟ್ಟೆ ಹಿಡಿದುಕೊಂಡು ಬರಬೇಕಾಗಿಲ್ಲ.”

ಆ ಕೊನೆಯ ಮಾತು ನನಗೆ ಹಿಡಿಸಿತು. ಅವಳನ್ನು ಆ ಬಾಗಿಲಿನ ಹತ್ತಿರ ಕರೆದುಕೊಂಡು ಹೋಗಿ, “ಈ ಬಿಳಿಯದರ ಮೇಲೆಯೇ ಹಚ್ಚಿದರೆ ಇದು ಹೀಗೇ ಉಳಿಯುತ್ತದೆಯೇ?” ಎಂದು ಕೇಳಿದೆ.

“ಅಯ್ಯೋ ಇಲ್ಲ ಟೀಚರ್. ಹಳೇ ಮೇಣ ಒಂದು ಚೂರೂ ಇರಬಾರದು. ಎಲ್ಲ ತೊಳೆದು ತೆಗೆದ ಮೇಲೆಯೇ ಹಚ್ಚೋದು. ಇಲ್ಲದಿದ್ದರೆ ಹಿಡಿಯೋದೇ ಇಲ್ಲ.”

“ಹಾಗಾದರೆ ಈ ಬಾಗಿಲಿಗೆ ಬೇಡ.”

“ಒಂದು ಬಾಗಿಲು ಬಿಟ್ಟು ಉಳಿದದ್ದಕ್ಕೆ ಹಚ್ಚೋದಾ? ನೋಡೋದಕ್ಕೆ ಹೇಗಿರುತ್ತೆ?”

ಎಂಟನೆಯ ತರಗತಿಯಲ್ಲಿ ಅವಳು ಲೆಕ್ಕ ಮಾಡದೆ ಬಂದಾಗ ನೋಡುತ್ತಿದ್ದ ಹಾಗೆ ಅವಳನ್ನು ನೋಡಿದೆ. ಎಂಜಿನಿಯರು ಸುಮ್ಮನೆ ಕೈ ಕಟ್ಟಿಕೊಂಡು ನಿಂತಳು.

ಹಚ್ಚಿದ ದಿನ

ಭಾನುವಾರ ಬೆಳಿಗ್ಗೆ ಆ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಟೇಪು ಅಂಟಿಸಿ, ಉಳಿದ ಕಾರನ್ನು ತೊಳೆದೆವು. ವಿದ್ಯಾರ್ಥಿನಿ ಹೇಳಿದ ನಿಯಮಗಳು ಸರಳ: ಬಿಸಿಲು ಬೇಡ, ಧೂಳು ಬೇಡ, ಒಂದೊಂದೇ ತೊಟ್ಟು, ಒಂದೊಂದೇ ಭಾಗ, ನೂಲು ಬಿಡದ ಬಟ್ಟೆ. ಅಂಥ ಬಟ್ಟೆಯ ಎರಡು ಚೂರನ್ನು ಅವಳು ಜಪಾನಿನಿಂದಲೇ ತಂದಿದ್ದಳು.

ಗುಂಪು ಬೇಡ ಎಂಬ ನಿಯಮ ಅದರಲ್ಲಿ ಇರಲಿಲ್ಲ. ಇರಬೇಕಾಗಿತ್ತು. ಕಾರಿಗೆ ಮೊದಲ ತೊಟ್ಟು ಬೀಳುವ ಹೊತ್ತಿಗೆ ನಮ್ಮ ಗೇಟಿನಲ್ಲಿ ಜಾಗವಿರಲಿಲ್ಲ.

“ಎಣ್ಣೇನಾ?”

“ಮೂಸಿ ನೋಡಿ, ನೇಲ್ ಪಾಲಿಶ್ ವಾಸನೆ.”

“ಇಷ್ಟು ಸಣ್ಣ ಬಾಟಲೀಲಿ ಇಷ್ಟು ದೊಡ್ಡ ಕಾರಾ? ಟೀಚರಿಗೆ ಯಾರೋ ಟೋಪಿ ಹಾಕಿದ್ದಾರೆ.”

ಚಾವಣಿ ಮುಗಿಯಿತು, ಬಲಗಡೆ ಮುಗಿಯಿತು, ಬಾನೆಟ್ಟು ಅರ್ಧ ಆಯಿತು. ವಿದ್ಯಾರ್ಥಿನಿ ಕೈ ತೊಳೆಯಲು, ನಾನು ಅವಳಿಗೆ ಸೋಪು ತೋರಿಸಲು ಒಳಗೆ ಹೋದೆವು. ಹೊರಗೆ ಬಂದಾಗ ಫೋರ್‌ಮನ್ ಬಾನೆಟ್ಟಿನ ಮೇಲೆ ಬಗ್ಗಿದ್ದರು. ಅವರ ಒಂದು ಕೈಯಲ್ಲಿ ಬಾಟಲಿ. ಇನ್ನೊಂದು ಕೈಯಲ್ಲಿ ಭಾವ ತಂದ ಮೂಟೆಯ ದೊಡ್ಡದೊಂದು ಬನಿಯನ್ ಚೂರು.

“ಆ ತುಂಡು ಬಟ್ಟೇಲಿ ಯಾವಾಗ ಮುಗಿಯೋದು ಟೀಚರ್? ನಾನು ಮಿಲ್ಲಲ್ಲಿ ಇಡೀ ಡಿಪಾರ್ಟ್‌ಮೆಂಟ್ ಒರೆಸಿದವನು.”

ಬನಿಯನ್ ಬಟ್ಟೆ ಬೆವರು ಹೀರಲೆಂದೇ ಹುಟ್ಟಿದ್ದು. ಅದು ಬಾಟಲಿಯನ್ನು ಕೊನೆಯ ತೊಟ್ಟಿನವರೆಗೂ ಹೀರಿತ್ತು. ಹೀರಿದ್ದಕ್ಕೆ ಬದಲಾಗಿ ತನ್ನ ಎಳೆಗಳನ್ನು ಬಾನೆಟ್ಟಿನ ತುಂಬ ಬಿಟ್ಟಿತ್ತು. ಅವು ನೋಡನೋಡುತ್ತಲೇ ಗಾಜಿನಂಥ ಲೇಪದೊಳಗೆ ಸೇರಿ ಗಟ್ಟಿಯಾದವು. ಫೋರ್‌ಮನ್ ಅಂಗೈಯಿಂದ ಬಾನೆಟ್ಟನ್ನು ಸವರಿ ನೋಡಿ, ತಪ್ಪು ಕಾರಿನದೇ ಎಂಬಂತೆ ಹೇಳಿದರು:

“ಟೀಚರ್, ಇದಕ್ಕೆ ಗಡ್ಡ ಬಂದಿದೆ.”

ಗಂಜಿ

ಸಂಜೆ ಬಾಗಿಲ ಮೇಲಿನ ಪ್ಲಾಸ್ಟಿಕ್ ತೆಗೆದೆ. ಬಿಳಿ ಸುತ್ತುಗಳು ಸುರಕ್ಷಿತವಾಗಿದ್ದವು. ಊಟಕ್ಕೆ ಕೂತಾಗ ಅತ್ತೆ ಕೇಳಿದರು: “ಎಲ್ಲಾ ಹಾಕಾಯ್ತಾ ಅಮ್ಮಿಣಿ?”

“ಎಡಗಡೆ, ಹಿಂದೆ ಉಳೀತು ಅತ್ತೆ. ಬಾಟಲಿ ಮುಗಿದುಹೋಯ್ತು.”

“ಏನದು ಹಾಕೋದು?”

ವಿವರಿಸಲು ಆಯಾಸವಾಗಿತ್ತು. ಆದರೂ ಟೀಚರಲ್ಲವೇ, ಕೇಳುವವರಿಗೆ ಗೊತ್ತಿರುವ ವಸ್ತುವಿನಿಂದ ಹೇಳಬೇಕು. “ನೂಲಿಗೆ ಗಂಜಿ ಹಾಕುತ್ತೀರಲ್ಲ, ಹಾಗೆ. ಮಗ್ಗದಲ್ಲಿ ಉಜ್ಜಿ ನೂಲು ಸವೆಯಬಾರದು ಅಂತ ಗಂಜಿ. ಬಣ್ಣ ಸವೆಯಬಾರದು ಅಂತ ಇದು.”

“ಅಷ್ಟೇ ತಾನೆ,” ಎಂದರು ಅತ್ತೆ.

ಅತ್ತೆಯದು ನೇಯ್ಗೆಯ ಮನೆತನ. ಹಾಸುನೂಲನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಬಿಸಿಲೇರುವ ಮುಂಚೆ ಕುಂಚದಿಂದ ಗಂಜಿ ಎಳೆಯುವುದನ್ನು ಅವರು ಮದುವೆಗೆ ಮುಂಚಿನಿಂದ ಮಾಡಿದವರು. ಮರುದಿನ ಬೆಳಕು ಹರಿಯುವಾಗ ಎದ್ದು, ನುಚ್ಚಕ್ಕಿ ಬೇಯಿಸಿ, ಸೋಸಿ, ತೆಂಗಿನ ನಾರಿನ ಕುಂಚದಿಂದ ಕಾರಿಗೆ ಬಳಿದಿದ್ದರು. ಜಪಾನಿನ ಬಾಟಲಿ ಬಿದ್ದ ಕಡೆ ಗಂಜಿ ನಿಲ್ಲಲಿಲ್ಲ, ಜಾರಿ ನೆಲಕ್ಕಿಳಿಯಿತು. ಅಷ್ಟರಮಟ್ಟಿಗೆ ಆ ಬಾಟಲಿ ಸುಳ್ಳಲ್ಲ. ಎಡಗಡೆ ಮತ್ತು ಹಿಂದೆ ಚೆನ್ನಾಗಿ ಹಿಡಿಯಿತು.

ನನಗೆ ಎಚ್ಚರವಾದದ್ದು ‘ಪರಕ್, ಪರಕ್’ ಎಂಬ ಸದ್ದಿಗೆ. ಮಹಡಿಯ ಕಿಟಕಿಯಲ್ಲಿ ನೋಡಿದರೆ ಹಾಲಿನಮ್ಮನ ಹಸು ಕಣ್ಣು ಅರ್ಧ ಮುಚ್ಚಿಕೊಂಡು ನನ್ನ ಗಂಡನ ಕಾರನ್ನು ನೆಕ್ಕುತ್ತಿತ್ತು. ಮುಂದಿನ ಎಡಬಾಗಿಲ ಬಳಿ ಇತ್ತು. ಅದಾದ ಮೇಲೆ ಯಾವ ಬಾಗಿಲು ಎಂದು ನನಗೆ ಗೊತ್ತು. ಚಪ್ಪಲಿಯನ್ನೂ ಹಾಕದೆ ಕೆಳಗೆ ಓಡಿದೆ. ಇಳಿದು ಬರುವಷ್ಟರಲ್ಲಿ ಹಸು ಆಗಲೇ ಕಾರಿನ ಹಿಂಭಾಗದಲ್ಲಿ, ಡಿಕ್ಕಿಯನ್ನು ನೆಕ್ಕುತ್ತಿತ್ತು.

ಎಲ್ಲ ಮುಗಿಯಿತು ಎಂದುಕೊಂಡು ಗೋಡೆ ಹಿಡಿದು ನಿಂತೆ. ಗೇಟಿನಲ್ಲಿ ಜಗಳ ಶುರುವಾಗಿತ್ತು.

“ನನ್ನ ಹಸುಗೆ ಏನು ತಿನ್ನಿಸಿದ್ರಿ ಪಾಟಿ?” ಎಂದು ಹಾಲಿನಮ್ಮ ಅತ್ತೆಯ ಮೇಲೆ ಕೂಗಾಡಿದಳು.

“ನಾನೆಲ್ಲಿ ತಿನ್ನಿಸ್ದೆ? ಕಾರಿಗೆ ಹಾಕಿದ್ದನ್ನ ನಿನ್ನ ಹಸು ತಿಂತು. ನನ್ನ ಗಂಜಿಗೆ ನೀನು ಹಾಲು ಕೊಡು.”

“ಕಾರಿಗೆ ಯಾರಾದರೂ ಗಂಜಿ ಹಾಕ್ತಾರಾ?”

“ಜಪಾನ್ನಲ್ಲಿ ಹಾಕ್ತಾರೆ. ಬೇಕಾದ್ರೆ ಟೀಚರಮ್ಮನ್ನ ಕೇಳು.”

ಫೋರ್‌ಮನ್ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ವಿಚಾರಣೆಗೆ ಬಂದರು. “ಉಪ್ಪು ಹಾಕಿದ್ರಾ?”

“ಉಪ್ಪಿಲ್ದೆ ಗಂಜಿನಾ? ಒಂದು ಚಿಟಿಕೆ.”

“ಅದಕ್ಕೇ ನೆಕ್ಕಿದೆ. ಮಿಲ್ಲಲ್ಲಿ ನಾವು ಹಾಕ್ತಿರಲಿಲ್ಲ.”

ಹಾಲಿನಮ್ಮ ಹಸುವನ್ನು ಹಗ್ಗ ಹಿಡಿದು ಎಳೆದಳು. ಅದು ಬರಲೊಲ್ಲದು. ನಾಳೆಯೂ ಬರುವುದಾಗಿ ತೀರ್ಮಾನಿಸಿದಂತೆ ಕಾರನ್ನು ಒಮ್ಮೆ ತಿರುಗಿ ನೋಡಿ ಹೋಯಿತು. ಜನ ನಗುತ್ತ ಚದುರಿದರು. ಅತ್ತೆ ಕುಂಚವನ್ನು ತೊಳೆಯಲು ಒಳಗೆ ಹೋದರು.

ನಾನು ಕಾರಿನ ಎಡಗಡೆಗೆ ಹೋದೆ. ಮುಂದಿನ ಬಾಗಿಲು ನಾಲಿಗೆಯ ಗುರುತಿನಿಂದ ಒದ್ದೆಯಾಗಿತ್ತು. ಡಿಕ್ಕಿಯೂ ಒದ್ದೆ. ಅವೆರಡರ ನಡುವಿನ ಬಾಗಿಲು ಒಣಗಿತ್ತು. ಬಿಳಿ ಸುತ್ತುಗಳು ಮೇಲಿನಿಂದ ಕೆಳಕ್ಕೆ ಸಾಲಾಗಿ, ಹಿಡಿಯ ಹತ್ತಿರ ಸಣ್ಣದಾಗಿ, ಹಾಗೇ ಇದ್ದವು. ಮೇಣದ ರುಚಿ ಹಸುವಿಗೆ ಹಿಡಿಸಿಲ್ಲ ಎಂದುಕೊಂಡು ಬಗ್ಗಿ ನೋಡಿದೆ. ಕುಂಚದ ಗೆರೆ ಮುಂದಿನ ಬಾಗಿಲಿನ ಅಂಚಿಗೆ ನೇರವಾಗಿ ನಿಂತು, ಹಿಂದಿನ ಬಾಗಿಲು ದಾಟಿದ ಮೇಲೆ ಮತ್ತೆ ಶುರುವಾಗಿತ್ತು.

ಆ ಬಾಗಿಲಿಗೆ ಅತ್ತೆ ಗಂಜಿ ಹಚ್ಚಿರಲಿಲ್ಲ.