ಬೀಗದವನ ಪತ್ತೇದಾರಿಕೆ

ಆಟದ ಬೆಲೆ ನಾಲ್ಕು ಒಳ್ಳೆಯ ಬಾಗಿಲುಬೀಗಗಳ ಬೆಲೆ, ಕೂರಿಸುವ ಕೂಲಿಯೂ ಸೇರಿ. ಅದನ್ನು ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ ಸೆಕೆಂಡ್‌ಹ್ಯಾಂಡು. ಅದಕ್ಕಾಗಿ ಸ್ಕೂಟರಿಗೆ ಹೊಸ ಟೈರು ಹಾಕಿಸುವ ಆಸೆ ಬಿಟ್ಟಾಗಿತ್ತು. ಇವೆಲ್ಲಕ್ಕಿಂತ ದುಬಾರಿಯಾದದ್ದು ಒಂದು ದಿನದ ಏಕಾಂತ. ಅದಕ್ಕಾಗಿ ಬೀಗದವನು ಅಟ್ಟ ಗುಡಿಸಿದ್ದ, ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬಂದಿದ್ದ, ಹೆಂಡತಿಯ ಚಿಕ್ಕಪ್ಪನ ಕಪಾಟನ್ನು ಬಿಟ್ಟಿಯಾಗಿ ರಿಪೇರಿ ಮಾಡಿಕೊಟ್ಟಿದ್ದ. ಭಾನುವಾರ ಸಂಜೆಯವರೆಗೆ ಅವನ ತಂಟೆಗೆ ಯಾರೂ ಬರುವುದಿಲ್ಲ ಎಂದು ಹೆಂಡತಿ ಮಾತು ಕೊಟ್ಟಿದ್ದಳು. ಆ ಮಾತು ಭಾನುವಾರ ಬೆಳಗಿನ ತಿಂಡಿಯವರೆಗೂ ಗಟ್ಟಿಯಾಗಿಯೇ ನಿಂತಿತ್ತು.

ಆಟ ಜಪಾನಿನದು, ಪತ್ತೇದಾರಿಯದು. ಹುಡುಗನಾಗಿದ್ದಾಗ ಎದುರುಮನೆಯ ಗೆಳೆಯನ ಟಿವಿಯಲ್ಲಿ ಅವನು ಅದರ ಹಳೆಯ ರೂಪವನ್ನು ಆಡಿದ್ದ. ಆಗ ಕೊಲೆಯಾದ ಯಜಮಾನನೂ ಅವನು ಬಿದ್ದಿದ್ದ ಸೋಫಾವೂ ಒಂದೇ ಬಣ್ಣದ ಚೌಕಗಳು. ಯಾವುದು ಹೆಣ, ಯಾವುದು ದಿಂಬು ಎಂದು ಹೇಳುವುದಕ್ಕೇ ಒಬ್ಬ ಪತ್ತೇದಾರ ಬೇಕಿತ್ತು. ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗೆಳೆಯನ ಅಪ್ಪನಿಗೆ ವರ್ಗವಾಯಿತು. ಗೆಳೆಯ ಹೋದ, ಟಿವಿ ಹೋಯಿತು, ಕೊಲೆಗಾರನೂ ಅದೇ ಲಾರಿಯಲ್ಲಿ ಹೋದ. ಅವನು ಯಾರೆಂದು ತಾನೇ ಕಂಡುಹಿಡಿಯಬೇಕೆಂಬ ಹಟ ಮಾತ್ರ ಬೀಗದವನಲ್ಲಿ ಉಳಿಯಿತು. ಮುಂದೆ ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಂಡು ಎದ್ದುಹೋಗುತ್ತಿದ್ದ. ತಲೆಕೂದಲು ಅರ್ಧ ಉದುರಿದ ಮೇಲೆ ಅದೇ ಆಟ ಹೊಸ ಬಟ್ಟೆ ತೊಟ್ಟು ಬಂದಿತ್ತು. ಒಂದು ತಿಂಗಳು, ಅಂಗಡಿ ಮುಚ್ಚಿದ ಮೇಲಿನ ಸಂಜೆಗಳನ್ನೆಲ್ಲ ಸುರಿದು ಅವನು ಕೊನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತಿದ್ದ.

ತೊಂದರೆಗೆ ಕಾರಣವಾದದ್ದು ಒಂದು ಅಳು. ಹಳೆಯ ಆಟದಲ್ಲಿ ಯಜಮಾನನ ಹೆಂಡತಿ ಅತ್ತರೆ ಗಡಿಯಾರ ಕೆಟ್ಟಂತೆ ಟಿಕ್ ಟಿಕ್ ಎನ್ನುತ್ತಿತ್ತು. ಹೊಸದರಲ್ಲಿ ಅವಳಿಗೆ ನಿಜವಾದ ದನಿ ಕೊಟ್ಟಿದ್ದರು. ಅವಳು ಬಿಕ್ಕಿದ ಕೂಡಲೇ ಒಳಕೋಣೆಯಿಂದ ಅತ್ತೆ ಬಂದರು.

"ಯಾರ ಮನೇಲಿ ಏನಾಯ್ತು ಅಳಿಯಂದ್ರೇ?"

ಯಾರ ಮನೆಯಲ್ಲೂ ಏನೂ ಆಗಿಲ್ಲ, ಇದು ಆಟ ಎಂದು ಬೀಗದವನು ತಿಳಿಸಿ ಹೇಳಿದ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಅಷ್ಟರಲ್ಲಿ ಅಳು ಮಹಡಿ ಹತ್ತಿ ರಿಟೈರಾದ ಇಂಗ್ಲಿಷ್ ಮೇಷ್ಟ್ರನ್ನೂ, ಓಣಿ ದಾಟಿ ಎದುರುಮನೆಯ ನರ್ಸಮ್ಮನನ್ನೂ ಎಬ್ಬಿಸಿ ಕರೆತಂದಿತು. ಸಮಾಧಾನ ಹೇಳಲು ಬಂದವರು ಸಮಾಧಾನವಾಗಿ ಕೂತರು.

ಆಟದ ಕ್ರಮ ಸರಳ. ನೋಡು, ಕೇಳು, ಹುಡುಕು, ಯೋಚಿಸು ಎಂದು ನಾಲ್ಕು ಗುಂಡಿ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಎಂಥವರೂ ಬಾಯಿ ಬಿಡುತ್ತಾರೆ. ಹಳೆಯ ಕಾಲದ ಆಟವೆಲ್ಲ ಹಾಗೆಯೇ. ಬೀಗದವನು ಯಜಮಾನನ ಹೆಂಡತಿಯನ್ನು ಎರಡನೆಯ ಸಲ ಕೇಳಿದಾಗಲೇ ಅತ್ತೆ ನಾಲಗೆ ಲೊಚಗುಟ್ಟಿದರು.

"ಗಂಡನ್ನ ಕಳ್ಕೊಂಡೋಳಿಗೆ ಒಂದೇ ಮಾತು ಎಷ್ಟು ಸಲ ಕೇಳ್ತೀರಿ? ಮೊದಲು ಬೆಳಗ್ಗೆಯಿಂದ ಏನಾದ್ರೂ ತಿಂದಿದಾಳಾ ಅಂತ ಕೇಳಿ."

ಅದಕ್ಕೆ ಗುಂಡಿ ಇಲ್ಲ ಎಂದ ಬೀಗದವನು. ಎಂಥ ಆಟವಪ್ಪಾ ಎಂದರು ಅತ್ತೆ.

ನರ್ಸಮ್ಮ ಹೆಣವನ್ನೂ ನೋಡದೆ ಯಜಮಾನನ ಡಾಕ್ಟರನೇ ಕೊಂದವನು ಎಂದು ತೀರ್ಪು ಕೊಟ್ಟಳು. ಪುರಾವೆ ಏನೆಂದು ಮೇಷ್ಟ್ರು ಕೇಳಿದ್ದಕ್ಕೆ, ತಾನು ಡಾಕ್ಟರುಗಳ ಜೊತೆ ಕೆಲಸ ಮಾಡಿದವಳು, ಬೇರೆ ಪುರಾವೆ ಬೇಡ ಎಂದಳು. ಮೇಷ್ಟ್ರ ಅನುಮಾನ ಮನೆಗೆಲಸದವಳ ಮೇಲೆ. ಹೆಣವಿದ್ದ, ಒಳಗಿನಿಂದ ಬೀಗ ಬಿದ್ದ ಓದುವ ಕೋಣೆಯನ್ನು ಅವಳು ಹೇರ್‌ಪಿನ್ನಿನಿಂದ ತೆರೆದಳೆಂದು ಅವರ ವಾದ. ಇದನ್ನು ಬೀಗದವನು ಸಹಿಸಲಿಲ್ಲ. ಪರದೆಯ ಹತ್ತಿರ ಹೋಗಿ ಬೆರಳಿಟ್ಟು, ಇಂಥ ಬೀಗ ಪಿನ್ನಿಗೆ ಬಗ್ಗುವ ಜಾತಿಯದಲ್ಲ, ನರ್ಸಮ್ಮನ ಬಾಗಿಲಿಗೆ ತಾನೇ ಹಾಕಿಕೊಟ್ಟದ್ದೂ ಇಂಥದೇ, ತನ್ನಪ್ಪ ಬಂದರೂ ತೆರೆಯಲಾರ ಎಂದು ಎದೆ ತಟ್ಟಿ ಹೇಳಿದ.

ಆ ಹೊತ್ತಿಗೆ ಸರಿಯಾಗಿ ಆಟದ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಸೇರಿಸಿದ. ಪರದೆಯ ಮೇಲೆ ಐದು ಮುಖ. ಒಂದನ್ನು ಆರಿಸಬೇಕು. ಬೀಗದವನು ಕಂಟ್ರೋಲರಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಇಷ್ಟು ವರ್ಷ ಕಾದದ್ದು ಇದಕ್ಕೇ.

ನರ್ಸಮ್ಮ ಮೂಗರಳಿಸಿದಳು. "ಏನೋ ಸೀದ ವಾಸನೆ ಬರ್ತಿದೆ ಅಲ್ವಾ? ಅಯ್ಯೋ, ನಮ್ಮನೆ ಹಾಲು."

ಹಾಲು ಒಲೆಯ ಮೇಲಿತ್ತು. ಬಾಗಿಲು ಗಾಳಿಗೆ ಹಾಕಿಕೊಂಡಿತ್ತು. ಕೀಲಿಕೈ ಒಳಗಿತ್ತು.

ಬೀಗದವನು ಕಂಟ್ರೋಲರನ್ನು ಹಸುಗೂಸಿನಂತೆ ಮೇಜಿನ ಮೇಲೆ ಮಲಗಿಸಿ, ತಾನು ಬರುವವರೆಗೂ ಯಾರೂ ಏನೂ ಮುಟ್ಟಬಾರದೆಂದು ಕೈಮುಗಿದು ಬೇಡಿ, ಸಾಮಾನಿನ ಚೀಲ ಹಿಡಿದು ಓಡಿದ. ಒಳಗಿನಿಂದ ಮೇಷ್ಟ್ರ ದನಿ ಬೆನ್ನಟ್ಟಿ ಬಂತು. "ಹೇರ್‌ಪಿನ್ ಕಳಿಸ್ಲೇನಯ್ಯಾ?"

ಅವನ ಬೀಗ ಅವನ ಮಾತನ್ನು ಉಳಿಸಿತು. ತಂತಿಗೆ ಬಗ್ಗಲಿಲ್ಲ, ಕೊಕ್ಕೆಗೆ ಬಗ್ಗಲಿಲ್ಲ. ನರ್ಸಮ್ಮ ಪಕ್ಕದಲ್ಲಿ ನಿಂತು ಈ ಬೀಗಕ್ಕೆ ತಾನು ಕೊಟ್ಟ ದುಡ್ಡನ್ನು ನೆನಪಿಸುತ್ತಿದ್ದಳು. ಕೊನೆಗೆ ಡ್ರಿಲ್ ಹಾಕಿ ತನ್ನ ಕೈಯಾರೆ ಕೂರಿಸಿದ್ದನ್ನು ತನ್ನ ಕೈಯಾರೆ ಒಡೆದ. ಒಲೆ ಆರಿಸಿದಾಗ ಪಾತ್ರೆಯ ತಳದಲ್ಲಿ ಹಾಲಿನ ಬದಲು ಇದ್ದಿಲಿತ್ತು. ಹೊಸ ಬೀಗ ಪುಕ್ಕಟೆ ಹಾಕಿಕೊಡುವೆನೆಂದು ಒಪ್ಪಿಕೊಂಡು ಮನೆಗೆ ಬಂದ.

ಮನೆ ತೀರ ಶಾಂತವಾಗಿತ್ತು. ಟಿವಿ ಆರಿತ್ತು. ಮೇಷ್ಟ್ರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಅತ್ತೆ ಹೊಸ ಕನ್ನಡಕವನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಡತಿ ಕೇಳದೆಯೇ ಕಾಫಿ ತಂದುಕೊಟ್ಟಳು, ಜೊತೆಗೆ ಬಿಸ್ಕತ್ತು. ಬೀಗದವನು ಕಾಫಿ ಮುಟ್ಟದೆ ಮೂವರ ಮುಖವನ್ನೂ ನೋಡಿದ. ತಿಂಗಳಿಡೀ ಪತ್ತೇದಾರಿಕೆ ಮಾಡಿದವನು. ಮುಖ ಓದಲು ಬಾರದೆ?

ಟಿವಿ ಯಾಕೆ ಆರಿಸಿದಿರಿ ಎಂದು ಕೇಳಿದ. ಕರೆಂಟು ಉಳಿಸೋಣ ಅಂತ ಎಂದರು ಮೇಷ್ಟ್ರು. ಏನನ್ನಾದರೂ ಒತ್ತಿದಿರಾ ಎಂದು ಕೇಳಿದ. ಒತ್ತಿದ್ದು ತಾನಲ್ಲ ಎಂದರು ಮೇಷ್ಟ್ರು, ಸ್ವಲ್ಪ ಅವಸರದಲ್ಲಿ.

"ನೋಡಿಬಿಟ್ರಿ ಅಲ್ವಾ?" ಎಂದ ಬೀಗದವನು, ಕುಸಿದು ಕೂತು. "ಪರವಾಗಿಲ್ಲ. ಆದದ್ದಾಯ್ತು. ಹೆಸರು ಮಾತ್ರ ಯಾರೂ ಹೇಳ್ಬೇಡಿ."

"ಹೆಸರು ನಮಗೂ ಗೊತ್ತಿಲ್ಲಪ್ಪ," ಎಂದರು ಮೇಷ್ಟ್ರು. ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅದೇ ಬೀಗದವನನ್ನು ಹೆದರಿಸಿತು. ಮೂರನೆಯ ಸಲ ಕೇಳಿದ. "ಹಾಗಾದ್ರೆ ಮಾಡಿದ್ದೇನು?"

ಮೇಷ್ಟ್ರು ಮತ್ತೆ ಫ್ಯಾನಿನ ಕಡೆ ನೋಡಿದರು. ಅವನೇ ಟಿವಿ ಹಾಕಿದ.

ಪರದೆಯ ಮೇಲೆ ಬಿಸಿಲು. ಹೂತೋಟದಲ್ಲಿ ಒಂದು ಮೇಜು. ಮೇಜಿನ ಮುಂದೆ ಯಜಮಾನ, ಒಂದು ಗಾಯವೂ ಇಲ್ಲದೆ, ಚಹಾ ಕುಡಿಯುತ್ತ, ಬನ್ನಿ ಪತ್ತೇದಾರರೇ, ನಿಮಗಾಗಿಯೇ ಕಾಯುತ್ತಿದ್ದೆ ಎನ್ನುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ನಗುತ್ತಿದ್ದಳು. ಮೇಲುಗಡೆ ಮೂಲೆಯಲ್ಲಿ ಬರೆದಿತ್ತು: ಒಂದನೆಯ ಅಧ್ಯಾಯ.

ಮೇಷ್ಟ್ರೇ ಒಪ್ಪಿಕೊಂಡರು. ಅತ್ತೆ ಗುಂಡಿಗಳ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆ ಎಂದು ಕೇಳಿದರು, ತಾವು ಓದಿ ಹೇಳಿದರು. 'ಮೊದಲಿನಿಂದ ಶುರು' ಎಂದು ಓದಿದಾಗ, ಹಾಗೆ ಮಾಡಿದರೆ ಆ ಸತ್ತವನು ಬದುಕುತ್ತಾನಾ ಎಂದು ಅತ್ತೆ ಕೇಳಿದರು. ವ್ಯಾಕರಣದ ಪ್ರಕಾರವೂ ಲೋಕದ ಪ್ರಕಾರವೂ ಮೊದಲಲ್ಲಿ ಅವನು ಬದುಕಿಯೇ ಇರಬೇಕಲ್ಲ ಎಂದು ತಾವು ಹೇಳಿದ್ದು ನಿಜ. 'ಹಳೆಯದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ?' ಎಂದು ಅದು ಕೇಳಿದ್ದನ್ನೂ ತಪ್ಪಿಲ್ಲದೆ ಓದಿದ್ದಾಗಿ ಹೇಳಿದರು ಮೇಷ್ಟ್ರು, ಅದೊಂದರ ಬಗ್ಗೆ ಕೊಂಚ ಹೆಮ್ಮೆಯಿಂದಲೇ.

"ಒಪ್ಪಿಗೆ ಅಂತ ಒತ್ತಿದೆ," ಎಂದರು ಅತ್ತೆ. "ಆ ಹೆಂಗಸು ಇನ್ನೆಷ್ಟು ಅಂತ ಅಳ್ತಾಳೆ ಅಳಿಯಂದ್ರೇ? ನಿಮ್ಮಾವ ಹೋದಾಗ ಇಂಥದೊಂದು ಗುಂಡಿ ನಂಗ್ಯಾರೂ ತೋರಿಸ್ಲಿಲ್ಲ."

ಬೀಗದವನು ಬೈಯಬೇಕೆಂದು ತೆರೆದ ಬಾಯಿಗೆ ಬಿಸ್ಕತ್ತು ಹಾಕಿಕೊಂಡ. ಕೋಪ ಇನ್ನೂ ಇತ್ತು; ಆದರೆ ಅದನ್ನು ಇಡಲು ಜಾಗ ಇರಲಿಲ್ಲ. ಕಂಟ್ರೋಲರ್ ಎತ್ತಿಕೊಂಡ. ಮತ್ತೆ ಮೊದಲಿನಿಂದ ಆಡಿದರಾಯಿತು, ಇನ್ನೊಂದು ತಿಂಗಳು.

ಅತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ತೋಟದಲ್ಲೇ ಇರ್ಲಿ. ಆ ಓದೋ ಕೋಣೆಗೆ ಮಾತ್ರ ಅವನನ್ನ ಕಳಿಸ್ಬೇಡಿ."

ಸಂಜೆಯವರೆಗೂ ಬೀಗದವನು ಹೂಗಳನ್ನು ನೋಡಿದ, ಮರಗಳನ್ನು ನೋಡಿದ, ಬೆಕ್ಕನ್ನು ಎರಡು ಸಲ ವಿಚಾರಿಸಿದ. ಅಂದು ಅವನು ಕಳೆದುಕೊಂಡದ್ದು ಒಂದು ತಿಂಗಳ ಸಂಜೆಗಳು, ಒಂದು ಭಾನುವಾರ, ಒಂದು ಹೊಸ ಬೀಗ. ಕೊಲೆಗಾರ ಸಿಗಲಿಲ್ಲ. ಯಜಮಾನ ಉಳಿದುಕೊಂಡ.